ಮೊದಲು ಹೆಸರು

"ಇದು ಅವರ ಮುಖ ಅಲ್ಲ," ಎನ್ನುತ್ತಾ ಹೆಂಡತಿ ಬಿಳಿ ಬಟ್ಟೆಯನ್ನು ಮತ್ತೆ ಗಂಡನ ಮುಖದ ಮೇಲೆ ಎಳೆದುಬಿಟ್ಟಳು.

ಆಗಷ್ಟೇ ಅದನ್ನು ಸರಿಸಿದ್ದ ಎದುರುಮನೆಯ ಟೈಲರ್ ಏನು ಮಾಡಬೇಕೆಂದು ತೋಚದೆ ಮಗಳ ಕಡೆ ನೋಡಿದ. ಬಾಗಿಲಲ್ಲಿ ಇನ್ನೂ ಜನ ನಿಂತಿದ್ದರು, ಕೊನೆಯ ಸಲ ಮುಖ ನೋಡಿಹೋಗಲು ಬಂದವರು. ಮುಖವನ್ನೇ ಮುಚ್ಚಿದರೆ ಅವರು ನೋಡುವುದಾದರೂ ಏನನ್ನು?

"ಅಮ್ಮ, ಜನ ಕಾಯ್ತಿದಾರೆ," ಮಗಳು ಮೆಲ್ಲಗೆ ಹೇಳಿದಳು.

"ಕಾಯಲಿ ಬಿಡು. ಇಂಥ ಮುಖ ತೋರಿಸಿ ಕಳಿಸೋಕೆ ನಂಗಿಷ್ಟ ಇಲ್ಲ. ಕೆನ್ನೆ ಎಲ್ಲಿದೆ ಇದಕ್ಕೆ? ನಂಗೇ ಅವರ ಮುಖ ಮರ್ತು ಹೋಗ್ತಿದೆ ಕಣೇ. ಕಣ್ಣು ಮುಚ್ಚಿದ್ರೆ ಸಾಕು, ಈ ಕಾಯಿಲೆ ಮುಖಾನೇ ಎದುರಿಗೆ ಬರತ್ತೆ."

ಆಕೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬೀದಿಯವರೆಲ್ಲ ಬೋರ್ಡಣ್ಣ ಎಂದು ಕರೆಯುತ್ತಿದ್ದ ದುಂಡು ಮುಖದ, ಗಟ್ಟಿ ದನಿಯ ಮನುಷ್ಯನನ್ನು ಶ್ವಾಸಕೋಶದ ಕಾಯಿಲೆ ಒಳಗಿಂದಲೇ ತಿಂದು ಹಾಕಿತ್ತು. ಫೋಟೋಗಳು ಇರಲಿಲ್ಲವೆಂದಲ್ಲ. ಆದರೆ ಕ್ಯಾಮೆರಾ ಕಂಡರೆ ಸಾಕು, ಅವನು ತಾನೇ ಬರೆದ ಬೋರ್ಡುಗಳ ಹಾಗೆ ಸೆಟೆದು ನಿಲ್ಲುತ್ತಿದ್ದ. ಈಗ ತಲೆಯ ಬಳಿ ಇಟ್ಟಿದ್ದ ಫೋಟೋ ಯಾವುದೋ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ್ದು. ಅದರಲ್ಲಿ ಅವನು ಪೊಲೀಸರು ತನ್ನನ್ನು ಹಿಡಿಯಲು ಬಂದಂತೆ ಕಣ್ಣುಬಿಟ್ಟಿದ್ದ.

"ಕೆರೆಗೆ ಹೋದ ದಿನದ್ದಿದೆಯಲ್ಲ, ಅದನ್ನ ಹಾಕಿ," ಹೆಂಡತಿ ಇದ್ದಕ್ಕಿದ್ದಂತೆ ಹೇಳಿದಳು. "ಅದರಲ್ಲಿ ಚೆನ್ನಾಗಿದ್ರು. ನಡೀತಿದ್ರು, ನಗ್ತಿದ್ರು. ನಾನು ಒಂದೇ ಒಂದ್ಸಲ ನೋಡ್ಬೇಕು."

ಮಗಳು ಚಿಕ್ಕವಳಿದ್ದಾಗ ಮನೆಮಂದಿಯೆಲ್ಲ ಕೆರೆಗೆ ಹೋಗಿದ್ದರು. ಹೆಂಡತಿಯ ತಮ್ಮ ಅದೆಲ್ಲಿಂದಲೋ ವಿಡಿಯೋ ಕ್ಯಾಮೆರಾ ಎರವಲು ತಂದು ಇಡೀ ದಿನ ಒಂದು ಕ್ಯಾಸೆಟ್ಟಿನಲ್ಲಿ ಹಿಡಿದಿದ್ದ. ಬೋರ್ಡಣ್ಣ ಸೆಟೆದು ನಿಲ್ಲುವುದನ್ನು ಮರೆತಿದ್ದು ಆ ಒಂದು ದಿನ ಮಾತ್ರ.

"ಆ ಕ್ಯಾಸೆಟ್ಟಿನ ಡಿವಿಡಿ ಮಾಡೋಕೆ ಆಗ್ಲೇ ಇಲ್ವಲ್ಲಮ್ಮ. ಅಪ್ಪ ಆಸ್ಪತ್ರೆ ಸೇರೋವರೆಗೂ ಮಾಡ್ತಾನೇ ಇದ್ರು, ಎರರ್ ಬರ್ತಾನೇ ಇತ್ತು."

"ಹಾಗಾದ್ರೆ ನೀನು ಮಾಡು. ಅವರನ್ನ ಕಳಿಸಿ ಬಂದ ಮೇಲೆ ಮಾಡು. ಇವತ್ತೇ."

ಮಗಳು ಹ್ಞೂಂ ಎಂದಳು. ಇಂಥ ದಿನ ಆಗಲ್ಲ ಅನ್ನುವ ಧೈರ್ಯ ಯಾರಿಗಿರುತ್ತದೆ?

* * *

ಬೋರ್ಡಣ್ಣನಿಗೊಂದು ಪದ್ಧತಿಯಿತ್ತು. ಬೋರ್ಡು ಏರದೆ ಅಂಗಡಿ ತೆರೆಯಬಾರದು. ಟೈಲರ್ ಅಂಗಡಿ ಹಾಕಿದ ಹೊಸದರಲ್ಲಿ, ಬಣ್ಣ ಒಣಗುವ ಮೊದಲೇ ಮಿಷನ್ ತುಳಿಯಲು ಕೂತನೆಂದು ಏಣಿಯ ಮೇಲಿಂದಲೇ ಬೈದಿದ್ದ.

"ಎದ್ದೇಳ್ರೀ ಮೇಲೆ! ಹೆಸರಿಲ್ಲದ ಅಂಗಡೀಲಿ ಏನು ಹೊಲೀತೀರಿ?"

"ಒಂದು ಗುಂಡಿ ಹಾಕ್ತಿದೀನಿ ಬೋರ್ಡಣ್ಣ, ಅಷ್ಟೇ."

"ಗುಂಡೀನೂ ಬೇಡ. ಮೊದಲು ಹೆಸರು, ಆಮೇಲೆ ಕೆಲಸ."

ಟೈಲರ್ ಸೂಜಿ ಕೆಳಗಿಟ್ಟು, ಕೊನೆಯ ಅಕ್ಷರ ಮುಗಿಯುವವರೆಗೆ ಬೀದಿಯಲ್ಲಿ ಕೈಕಟ್ಟಿ ನಿಂತಿದ್ದ. ಆ ಬೋರ್ಡು ಇವತ್ತಿಗೂ ಮಾಸಿಲ್ಲ.

ಪ್ಲಾಸ್ಟಿಕ್ ಹಾಳೆಯ ಮೇಲೆ ಬೋರ್ಡು ಅಚ್ಚುಹಾಕುವ ಮಿಷನ್ನುಗಳು ಬಂದ ಮೇಲೆ ಕುಂಚದ ಬೋರ್ಡು ಕೇಳುವವರು ಕಡಿಮೆಯಾದರು. ಸುಮ್ಮನೆ ಕೂರುವ ಜೀವ ಅದಲ್ಲ. ಮಗಳು ಬಿಟ್ಟುಹೋಗಿದ್ದ ಹಳೇ ಕಂಪ್ಯೂಟರನ್ನು ಹಿಂದಿನ ಕೋಣೆಯಲ್ಲಿ, ಬಣ್ಣದ ಡಬ್ಬಿಗಳ ನಡುವೆ ಇಟ್ಟುಕೊಂಡ. ವಿಡಿಯೋ ಕತ್ತರಿಸಿ ಜೋಡಿಸುವುದನ್ನು ತಿಣುಕಿ ತಿಣುಕಿ ಕಲಿತ. ಕ್ಯಾಸೆಟ್ ಹಾಕುವ ಯಂತ್ರ ಕೆಟ್ಟು ಮೂಲೆ ಸೇರಿತ್ತು. ಟೀವಿಯ ಕೆಳಗೆ ಡಿವಿಡಿ ಪ್ಲೇಯರ್ ಒಂದಿತ್ತು. ಹೆಂಡತಿಗೆ ಬಣ್ಣದ ವಾಸನೆಗೆ ತಲೆನೋವು ಬರುತ್ತಿದ್ದುದರಿಂದ ಆ ಕೋಣೆಗೆ ಆಕೆ ಕಾಲಿಡುತ್ತಿರಲಿಲ್ಲ. ಕೆರೆಯ ದಿನವನ್ನು ಟೀವಿಯಲ್ಲೇ ತೋರಿಸುತ್ತೇನೆಂದು ಅವನು ಮಾತು ಕೊಟ್ಟ.

ಕಂಪ್ಯೂಟರ್ ಅಂಗಡಿಯವನು ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಟ್ಟ. ಇಳಿಸಿ ಮುಗಿಯುತ್ತಿದ್ದಂತೆ ಬೂಷ್ಟು ಹಿಡಿದಿದ್ದ ಟೇಪು ಯಂತ್ರದೊಳಗೇ ಸಿಕ್ಕಿ ಚೂರುಚೂರಾಯಿತು.

"ಇನ್ಮೇಲೆ ಈ ಫೈಲೇ ನಿಮ್ಮ ಕ್ಯಾಸೆಟ್ಟು. ಜೋಪಾನ," ಎಂದಿದ್ದ ಅಂಗಡಿಯವನು.

ಬೋರ್ಡಣ್ಣ ಮನೆಗೆ ಬಂದವನೇ ಬಿಳಿ ಕಾಗದವನ್ನು ಗುಂಡಗೆ ಕತ್ತರಿಸಿದ. ಅದರ ಮೇಲೆ ಕುಂಚದಿಂದ, ನೆರಳು ಕೊಟ್ಟು, 'ನಮ್ಮ ಕೆರೆಯ ದಿನ' ಎಂದು ಬರೆದ. ಖಾಲಿ ಡಿಸ್ಕಿನ ಬೆನ್ನಿಗೆ ಗೋಂದು ಹಚ್ಚಿ ಅಂಟಿಸಿದ. ಒಣಗಿದ ಮೇಲೆ ಕಂಪ್ಯೂಟರಿನ ಡಿಸ್ಕು ಬರೆಯುವ ಮಿಷನ್ನಿನ ಬಾಯಿಗೆ ಕೊಟ್ಟು, ಕೆರೆಯ ಸಿನಿಮಾವನ್ನು ಅದಕ್ಕೆ ಬರೆಯಲು ಗುಂಡಿ ಒತ್ತಿ ಕೂತ. ಪರದೆಯ ಮೇಲಿನ ಹಸಿರು ಪಟ್ಟಿ ನೂರರಲ್ಲಿ ತೊಂಬತ್ತರವರೆಗೆ ಚೆನ್ನಾಗಿ ಓಡಿ, ಅಲ್ಲೇ ನಿಂತು, ಬರೆಯಲಾಗಲಿಲ್ಲ ಎಂದಿತು.

ಅವನು ಇನ್ನೊಂದು ಡಿಸ್ಕಿಗೆ ಹೆಸರು ಬರೆದ.

* * *

ಮಧ್ಯಾಹ್ನ ಗಾಡಿ ಬಂತು. ಬಟ್ಟೆ ಮುಚ್ಚಿಕೊಂಡೇ ಬೋರ್ಡಣ್ಣ ಮನೆ ಬಿಟ್ಟ. ಮುಗಿಸಿ ಬಂದವರು ಕೈಕಾಲು ತೊಳೆದು ಹಜಾರದಲ್ಲಿ ಕೂತರು, ಎದ್ದು ಹೋಗುವುದಕ್ಕೆ ಸಂಕೋಚ. ಯಾರೋ ನೀರಿನ ಲೋಟಗಳನ್ನು ತಂದಿಟ್ಟರು. ಪ್ರತಿ ಲೋಟದ ಮೇಲೂ ಒಂದೊಂದು ಡಿಸ್ಕು ಮುಚ್ಚಿತ್ತು. ಹಾಳಾದ ಡಿಸ್ಕುಗಳನ್ನು ಎಸೆಯಲು ಮನಸ್ಸು ಬಾರದೆ ಹೆಂಡತಿ ಅವುಗಳಿಗೆ ಕೊಟ್ಟ ಕೆಲಸ ಅದು.

"ನಮ್ಮ ಕೆರೆಯ ದಿನ," ಟೈಲರ್ ಓದಿದ. ಪಕ್ಕದ ಲೋಟ ನೋಡಿದ. "ಇದೂ ನಮ್ಮ ಕೆರೆಯ ದಿನ. ಎಷ್ಟು ದಿನ ಹೋಗಿದ್ರಿ ಕೆರೆಗೆ?"

"ಒಂದೇ ದಿನ," ಎಂದ ಹೆಂಡತಿಯ ತಮ್ಮ. "ಭಾವ ಮಾತ್ರ ಅಲ್ಲಿಂದ ವಾಪಸ್ ಬರ್ಲೇ ಇಲ್ಲ ನೋಡಿ."

ನಗಬಾರದೆಂದು ಇಬ್ಬರೂ ತಲೆ ತಗ್ಗಿಸಿದರು. ಆಮೇಲೆ ಹೆಂಡತಿಯ ತಮ್ಮ ಕಣ್ಣೊರೆಸಿಕೊಂಡ.

ಹಿಂದಿನ ಕೋಣೆಯಲ್ಲಿ ಮಗಳು ಅಪ್ಪ ಕೊನೆಯದಾಗಿ ಹೆಸರು ಬರೆದಿಟ್ಟಿದ್ದ ಡಿಸ್ಕನ್ನು ಮಿಷನ್ನಿಗೆ ಹಾಕಿ ಕೂತಿದ್ದಳು. ಪಟ್ಟಿ ತೊಂಬತ್ತು ದಾಟಿತು, ತೊಂಬತ್ತೈದು ದಾಟಿತು, ನಿಂತಿತು. ಬರೆಯಲಾಗಲಿಲ್ಲ. ಅವಳಿಗೆ ಕಂಪ್ಯೂಟರನ್ನು ಎತ್ತಿ ಕುಕ್ಕಿಬಿಡುವಷ್ಟು ಸಿಟ್ಟು ಬಂತು. ಹೊರಗೆ ಅಮ್ಮ ಆಗಲೇ ಟೀವಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತಿದ್ದಾಳೆ. ಏನು ಹೇಳುವುದು ಅವಳಿಗೆ?

ಬಾಗಿಲಲ್ಲಿ ಕಂಪ್ಯೂಟರ್ ಅಂಗಡಿಯವನು ನಿಂತಿದ್ದ. ಮಾತಾಡಿಸಿ ಹೋಗಲು ಬಂದವನು ನೀರು ಕುಡಿದು, ಲೋಟದ ಮುಚ್ಚಳವನ್ನು ಕೈಯಲ್ಲೇ ಹಿಡಿದಿದ್ದ.

"ಈ ಕಾಗದ ಯಾವಾಗ ಅಂಟಿಸ್ತಿದ್ರು ನಿಮ್ಮಪ್ಪ?"

"ಯಾವಾಗ ಅಂದ್ರೆ? ಮೊದಲೇ. ಒಣಗದೆ ಮಿಷನ್ನಿಗೆ ಹಾಕ್ತಾನೇ ಇರ್ಲಿಲ್ಲ."

ಅವನು ಬಣ್ಣದ ಡಬ್ಬಿಯೊಂದರ ಮೇಲೆ ಕೂತುಬಿಟ್ಟ. "ಮಿಷನ್ನು ಡಿಸ್ಕಿನ ನಡುವಿಂದ ಅಂಚಿನ ಕಡೆಗೆ ಬರ್ಕೊಂಡು ಹೋಗತ್ತೆ ಕಣಮ್ಮ. ಡಿಸ್ಕು ಜೋರಾಗಿ ತಿರುಗ್ತಿರತ್ತೆ. ಬೆನ್ನಿಗೆ ಕಾಗದ, ಗೋಂದು, ಬಣ್ಣ ಎಲ್ಲ ಇದ್ರೆ ಒಂದು ಕಡೆ ಭಾರ ಆಗಿ, ಅಂಚಿಗೆ ಬರೋ ಹೊತ್ತಿಗೆ ನಡುಗಿಬಿಡತ್ತೆ. ಅಷ್ಟೇ ಇದು."

"ಅಪ್ಪ ದಿನಾ ನಿಮಗೆ ಫೋನ್ ಮಾಡ್ತಿದ್ರಲ್ಲ?"

"ಮಾಡ್ತಿದ್ರು. ನಿಧಾನಕ್ಕೆ ಬರೀರಿ ಅಂದೆ, ಬೇರೆ ಕಂಪನಿ ಡಿಸ್ಕು ತಗೊಳ್ಳಿ ಅಂದೆ, ಹಳೇ ಫೈಲು ಅಳಿಸಿ ಕಂಪ್ಯೂಟರಲ್ಲಿ ಜಾಗ ಮಾಡಿ ಅಂದೆ. ಎಲ್ಲ ಮಾಡಿದ್ರು, ಪಾಪ. ಕಾಗದ ಅಂಟಿಸ್ತಿದೀರಾ ಅಂತ ನಾನು ಕೇಳ್ಲೇ ಇಲ್ಲ. ಬರೆಯೋ ಮೊದಲೇ ಯಾರಾದ್ರೂ ಅಂಟಿಸ್ತಾರೆ ಅಂತ ಹೊಳೀಲೇ ಇಲ್ಲ."

ಈಗ ಯಾರನ್ನು ಬೈದು ಏನು ಬಂತು? ಮಗಳು ಡಬ್ಬದಿಂದ ಹೆಸರಿಲ್ಲದ ಖಾಲಿ ಡಿಸ್ಕೊಂದನ್ನು ತೆಗೆದು ಹಾಕಿದಳು. ಹಸಿರು ಪಟ್ಟಿ ಮೊದಲಿನಿಂದ ಹೊರಟಿತು.

* * *

"ಫೈಲು ದೊಡ್ಡದಾಯ್ತು ಅನ್ಸತ್ತೆ ಯಜಮಾನ್ರೇ, ಸ್ವಲ್ಪ ಚಿಕ್ಕದು ಮಾಡಿ ನೋಡಿ," ಎಂದೂ ಅಂಗಡಿಯವನು ಒಮ್ಮೆ ಫೋನಿನಲ್ಲಿ ಹೇಳಿದ್ದ.

ಬೋರ್ಡಣ್ಣ ಅಲ್ಲಿಂದಲೇ ಅಡುಗೆಮನೆಗೆ ಕೂಗಿದ. "ಏನೇ, ನಿಮ್ಮಮ್ಮ ಹಣ್ಣು ಸುಲಿಯೋದು ತುಂಬಾ ಉದ್ದ ಇದೆ. ತೆಗೀಲಾ?"

"ಅಯ್ಯೋ, ಬೇಡಪ್ಪ! ಅಮ್ಮನ್ನ ಇನ್ನೆಲ್ಲಿ ನೋಡೋಕೆ ಸಿಗತ್ತೆ?"

"ಮತ್ತೆ ಮಗು ಓಡೋದು?"

"ಮಗೂನ ಮುಟ್ಟಿದ್ರೆ ನೋಡಿ! ಬೇಡದ್ದೇನಾದ್ರೂ ತೆಗೀರಿ."

ಬೇಡದ್ದೇನಿದೆ ಎಂದು ಅವನು ಹುಡುಕಿದ. ಕೆರೆ ಬೇಕು, ಅತ್ತೆ ಬೇಕು, ಮಗು ಬೇಕು, ಹೆಂಡತಿಯಂತೂ ಬೇಕೇ ಬೇಕು. ಪ್ಯಾಂಟು ಮಡಿಚಿಕೊಂಡು ದೋಣಿ ತಳ್ಳುವ ಈ ದಡಿಯ ಯಾರಿಗೆ ಬೇಕು? ಅವನನ್ನು ನೋಡಲು ಡಿವಿಡಿ ಯಾಕೆ, ಇಲ್ಲೇ ಕೆಮ್ಮಿಕೊಂಡು ಕೂತಿದ್ದಾನಲ್ಲ. ಬೋರ್ಡಣ್ಣ ತನ್ನನ್ನು ಅಲ್ಲಿಂದ ಕತ್ತರಿಸಿದ. ಉಳಿದದ್ದನ್ನು ಹೊಸದಾಗಿ ಉಳಿಸಿಟ್ಟು, ಅಂಗಡಿಯವನು ಜಾಗ ಮಾಡಿ ಎಂದಿದ್ದು ನೆನಪಾಗಿ ಹಳೆಯ ಫೈಲನ್ನು ಅಳಿಸಿದ.

ಪಟ್ಟಿ ತೊಂಬತ್ತೆರಡಕ್ಕೆ ಹೋಗಿ ನಿಂತಿತು.

"ಎರಡು ಮುಂದೆ ಹೋಯ್ತು ಕಣೇ!" ಎಂದು ಅವನು ಎದ್ದು ನಿಂತು ಕೂಗಿದ.

ಸಿನಿಮಾ ಚಿಕ್ಕದಾದಷ್ಟೂ ಅಂಚಿಗೆ ಬೀಳುವ ಭಾಗ ಕಡಿಮೆಯಾಗುತ್ತಿತ್ತು, ಅಷ್ಟೇ. ಅವನಿಗೆ ಅದು ದಾರಿ ಸಿಕ್ಕಂತೆ ಕಂಡಿತು. ಅವತ್ತಿನಿಂದ ಬಿಡುವಾದಾಗಲೆಲ್ಲ ತನ್ನನ್ನೇ ಹುಡುಕಿ ಹುಡುಕಿ ತೆಗೆದ. ಮರದಡಿ ಮಲಗಿದ್ದನ್ನು ತೆಗೆದ, ಕೆಸರಲ್ಲಿ ಜಾರಿ ಬಿದ್ದದ್ದನ್ನು ತೆಗೆದ, ಹಾಡಿದ್ದನ್ನು ತೆಗೆದ. ಪ್ರತಿ ಸಲ ಪಟ್ಟಿ ಇಷ್ಟಿಷ್ಟೇ ಮುಂದೆ ಹೋಯಿತು. ಇನ್ನೊಂದು ಸ್ವಲ್ಪ ಸಿಕ್ಕಿದ್ದರೆ ಮುಗಿದೇಬಿಡುತ್ತಿತ್ತೇನೋ. ಅಷ್ಟರಲ್ಲಿ ಕೆಮ್ಮು ಹೆಚ್ಚಾಗಿ ಆಸ್ಪತ್ರೆಗೆ ಹೋದ.

* * *

"ಆಯ್ತು! ಅಮ್ಮ, ಆಯ್ತು!" ಮಗಳು ಬಿಸಿಬಿಸಿ ಡಿಸ್ಕು ಹಿಡಿದುಕೊಂಡು ಓಡಿಬಂದಳು.

ಹಜಾರದಲ್ಲಿದ್ದವರೆಲ್ಲ ಸರಿದು ಕೂತರು. ಅಂತೂ ಇವತ್ತು ಒಂದು ಒಳ್ಳೆಯದಾಯಿತಲ್ಲ ಎಂದು ಟೈಲರ್ ನಿಟ್ಟುಸಿರು ಬಿಟ್ಟ. ಟೀವಿಯಲ್ಲಿ ಕೆರೆ ಕಾಣಿಸಿತು, ಬಿಸಿಲು, ಓಡುತ್ತಿರುವ ಮಗು. ಹಣ್ಣು ಸುಲಿಯುವ ತಾಯಿಯನ್ನು ಕಂಡು ಹೆಂಡತಿ "ಅಮ್ಮಾ" ಎಂದಳು. ಬೆಳಗಿನಿಂದ ಬಿಗಿದಿದ್ದ ಅವಳ ಮುಖ ಸಡಿಲಾಯಿತು.

"ಈಗ ಬರ್ತಾರೆ ನೋಡಿ," ಎಂದಳು ಎಲ್ಲರಿಗೂ. "ದೋಣಿ ತಳ್ಕೊಂಡು ಬರ್ತಾರೆ."

ದೋಣಿ ದಡದಲ್ಲಿತ್ತು. ಚಿತ್ರ ಒಮ್ಮೆ ಹಾರಿತು. ದೋಣಿ ನೀರಿನಲ್ಲಿತ್ತು.

"ಇಲ್ಲಿ ಇಲ್ವೇನೋ. ಮುಂದೆ ಮರದ ಹತ್ರ ಮಲ್ಗಿರ್ತಾರೆ."

ಮರದಡಿ ಚಾಪೆಯಿತ್ತು. ಚಿತ್ರ ಮತ್ತೆ ಹಾರಿತು. ಮಗಳು ತಿರುಗಿ ಅಂಗಡಿಯವನ ಮುಖ ನೋಡಿದಳು. ಅವನಿಗೆ ಆಗಲೇ ಅರ್ಥವಾಗಿತ್ತು.

"ಹಳೇ ಫೈಲು?" ಅವಳು ತುಟಿಯಲ್ಲೇ ಕೇಳಿದಳು.

"ಒಂದೂ ಇಲ್ಲ. ಡಿಸ್ಕು ಬರೀತಿದ್ದಾಗ ನೋಡಿದ್ದೆ, ಇರೋದು ಇದೊಂದೇ ಫೈಲು. ಅಳಿಸಿದ್ದರ ಮೇಲೇ ಮತ್ತೆ ಮತ್ತೆ ಬರ್ದುಬಿಟ್ಟಿದಾರೆ, ವಾಪಸ್ ತರೋಕಾಗಲ್ಲ. ಜಾಗ ಮಾಡಿ ಅಂತ ನಾನೇ..."

"ನಾನೇ ಹಿಡಿದಿದ್ನಲ್ಲ, ಭಾವ ಎಲ್ಲಾ ಕಡೆ ಇದ್ರಲ್ಲ," ತಮ್ಮ ಗೊಣಗಿದ.

ಹೆಂಡತಿಗೆ ಇದೊಂದೂ ಕೇಳಿಸಲಿಲ್ಲ. ಟೀವಿಯಲ್ಲಿ ಅವಳೇ ಇದ್ದಳು, ಗಾಳಿಗೆ ಕೆದರಿದ ಕೂದಲಿನ ಎಳೆಯ ಹೆಂಗಸು. ಅವಳು ಯಾವುದೋ ಸದ್ದಿಗೆ ಎಡಕ್ಕೆ ತಿರುಗಿದಳು, ಅವಳ ಬಾಯಿ ನಗಲು ತೆರೆಯಿತು. ತಕ್ಷಣ ಬರೀ ನೀರು ಬಂತು.

"ಇಲ್ಲೇ! ಇಲ್ಲೇ ಕೆಸರಲ್ಲಿ ಜಾರಿದ್ದು! ಹಿಂದೆ ಹಾಕೇ."

"ಅಮ್ಮ..."

"ಹಿಂದೆ ಹಾಕು ಅಂದ್ನಲ್ಲ."

ಮಗಳು ಹಿಂದೆ ಹಾಕಿದಳು. ಎಳೆಯ ಹೆಂಗಸು ಎಡಕ್ಕೆ ತಿರುಗಿದಳು, ಬಾಯಿ ತೆರೆದಳು. ನೀರು.

"ಇನ್ನೊಂದ್ಸಲ."

ಕೂತಿದ್ದವರು ಒಬ್ಬೊಬ್ಬರಾಗಿ ನೆಲ ನೋಡತೊಡಗಿದರು. ಮಗಳು ಅಳುತ್ತಲೇ ಮತ್ತೆ ಹಿಂದೆ ಹಾಕಿದಳು. ಈ ಸಲ ಹೆಂಡತಿ ಕುರ್ಚಿಯಿಂದ ಎದ್ದು ಟೀವಿಯ ತೀರ ಹತ್ತಿರ ಹೋದಳು. ಎಳೆಯ ಹೆಂಗಸು ಎಡಕ್ಕೆ ತಿರುಗುತ್ತಿದ್ದಂತೆ ಆಕೆಯೂ ತಿರುಗಿ, ಟೀವಿಯ ಅಂಚನ್ನು ಕೈಯಲ್ಲಿ ಹಿಡಿದು, ಅದರಾಚೆಯ ಗೋಡೆಯ ಕಡೆಗೆ ಬಗ್ಗಿ ನೋಡಿದಳು.