ಜೇಜುರಿಗೆ ಹೊರಟ ನೀಲಿ ಚುಕ್ಕಿ

ಪುಣೆಯ ಸದಾಶಿವ ಪೇಠದಲ್ಲಿ ನನ್ನದೊಂದು ಅಂಗಡಿ ಇದೆ. ಎರಡು ಕೋಚಿಂಗ್ ಕ್ಲಾಸುಗಳ ನಡುವೆ ಸಿಕ್ಕಿಕೊಂಡ ಹತ್ತು ಅಡಿ ಅಗಲದ ಜಾಗ. ಓಡುವವರ ಕೈಗಡಿಯಾರ, ಗುಡ್ಡ ಹತ್ತುವವರ ಕೋಲು, ಹಣೆಗೆ ಕಟ್ಟುವ ದೀಪ, ಬೂಟು, ಬೆನ್ನಚೀಲ, ಇವೇ ನನ್ನ ಸರಕು. ಹದಿನಾಲ್ಕು ವರ್ಷದಿಂದ ಮಾರುತ್ತಿದ್ದೇನೆ, ಹದಿನಾಲ್ಕು ವರ್ಷದಿಂದ ಬಾಯಿಗೆ ಬಂದದ್ದನ್ನು ಹೇಳುತ್ತಿದ್ದೇನೆ. ಈ ಗಡಿಯಾರಕ್ಕೆ ನಿಮ್ಮ ಹೆಂಡತಿಗಿಂತ ಹೆಚ್ಚಾಗಿ ನಿಮ್ಮ ವಿಷಯ ಗೊತ್ತಿರುತ್ತದೆ ಎಂದು ಮರಾಠಿಯಲ್ಲಿ ಬಿಟ್ಟರೆ ಗಿರಾಕಿ ನಗುತ್ತಾನೆ, ನಕ್ಕ ಗಿರಾಕಿ ಬರಿಗೈಲಿ ಹೋಗುವುದಿಲ್ಲ. ನಾನು ಮಾತ್ರ ಆ ಮಾತನ್ನು ಎಂದೂ ನಂಬಿರಲಿಲ್ಲ. ಮಿಠಾಯಿ ಅಂಗಡಿಯವನಿಗೆ ಸಿಹಿ ಬೇಡವಂತೆ, ಹಾಗೆ.

ನನ್ನ ಅವ್ವ ಗೌರಾಬಾಯಿ ಇಂಡಿ ಕಡೆಯವಳು. ಮದುವೆಯಾಗಿ ಬಿಬವೇವಾಡಿಗೆ ಬಂದು ನಲವತ್ತೈದು ವರ್ಷವಾದರೂ ಜೇಜುರಿಯ ಖಂಡೋಬಾನನ್ನು ಮೈಲಾರಲಿಂಗ ಎಂದೇ ಕರೆಯುತ್ತಾಳೆ. ನನ್ನ ಮಗಳು ಭುವನೇಶ್ವರಿ ಏಳು ತಿಂಗಳಿಗೇ ಹುಟ್ಟಿದವಳು. ಗಾಜಿನ ಪೆಟ್ಟಿಗೆಯೊಳಗೆ ಅಂಗೈಯಷ್ಟಿದ್ದ ಕೂಸು. ಭರವಸೆ ಕೊಡಲಾರೆವು ಎಂದು ಡಾಕ್ಟರು ಹೇಳಿದ ದಿನ ಅವ್ವ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಹರಕೆ ಹೊತ್ತಳು. ಕೂಸು ಉಳಿದರೆ ಹನ್ನೆರಡು ವರ್ಷ, ವರ್ಷಕ್ಕೊಂದು ಸಲ, ಮನೆಯ ಹೊಸ್ತಿಲಿನಿಂದ ಜೇಜುರಿಯ ಗುಡಿಯವರೆಗೆ ನಡೆದು ಬರುತ್ತೇನೆ ಎಂದು. ಕೂಸು ಉಳಿಯಿತು. ಈಗ ಅದೇ ಕೂಸು ನನಗೆ ಫೋನು ಬಳಸಲು ಬರುವುದಿಲ್ಲ ಎಂದು ಬೈಯುತ್ತದೆ. ಅವ್ವ ಹನ್ನೊಂದು ಸಲ ನಡೆದಳು. ಹನ್ನೆರಡನೆಯದಕ್ಕೆ ಮೂರು ತಿಂಗಳಿರುವಾಗ ಅವಳ ಹೃದಯಕ್ಕೆ ಎರಡು ಸ್ಟೆಂಟ್ ಹಾಕಬೇಕಾಯಿತು.

ಸಪಾಟು ನೆಲದ ಮೇಲೆ ನಿಧಾನವಾಗಿ ಎಷ್ಟು ಬೇಕಾದರೂ ನಡೆಯಲಿ, ಓಡಬಾರದು, ಏರಬಾರದು, ನಾಡಿ ನೂರಾ ಹತ್ತು ದಾಟಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ನಾನು ಅಂಗಡಿಯಿಂದ ಒಂದು ಗಡಿಯಾರ ತಂದು ಅವಳ ಕೈಗೆ ಕಟ್ಟಿದೆ. ಅವಳ ನಾಡಿಯ ಲೆಕ್ಕ ನನ್ನ ಫೋನಿನಲ್ಲಿ ಕಾಣುತ್ತದೆ, ನೂರಾ ಹತ್ತು ದಾಟಿದರೆ ಫೋನು ಕೂಗುತ್ತದೆ. ಅವ್ವ ಅದನ್ನು ಕರಿ ಬಳೆ ಎನ್ನುತ್ತಿದ್ದಳು.

ಆದರೆ ಅವಳಿಗೆ ಕೊರೆಯುತ್ತಿದ್ದುದು ಹೃದಯವಲ್ಲ, ಹರಕೆ. ಒಂದು ವರ್ಷ ತಪ್ಪಿದರೆ ಹನ್ನೊಂದೂ ನೀರಲ್ಲಿ ಹೋದ ಹಾಗೆ ಎಂದು ಊಟ ಬಿಟ್ಟು ಕೂತಳು. ನಮ್ಮ ಮನೆಯಲ್ಲಿ ಇದಕ್ಕೊಂದು ದಾರಿ ಇತ್ತು. ಹರಕೆ ಹೊತ್ತವರ ಕಾಲು ಸೋತರೆ ಅವರ ಸೆರಗಿನ ಚೂರಿನಲ್ಲಿ ಭಂಡಾರ, ಅಂದರೆ ದೇವರ ಅರಿಸಿನ, ಗಂಟುಕಟ್ಟಿಕೊಂಡು ಮನೆಯವರೊಬ್ಬರು ನಡೆಯಬಹುದು. ಆದರೆ ನಡೆಯುವವನು ನಡೆಯುತ್ತಿರುವಷ್ಟು ಹೊತ್ತು ಹರಕೆ ಹೊತ್ತವರು ಮನೆಯಲ್ಲಿ ಅವನ ಹೆಜ್ಜೆಗೆ ಹೆಜ್ಜೆ ಹಾಕಬೇಕು, ಕೂಡಬಾರದು. ಅವನು ಕೂತರೆ ಕೂಡಬೇಕು, ಅವನು ಎದ್ದರೆ ಏಳಬೇಕು. ನನ್ನ ಅಜ್ಜಿಯ ಬದಲು ಅಜ್ಜ ಮೈಲಾರಕ್ಕೆ ನಡೆದು ಹೋದಾಗ, ಅವನು ಎಲ್ಲಿದ್ದಾನೆ ಎಂದು ಗೊತ್ತಾಗದೆ ಅಜ್ಜಿ ಹೊತ್ತು ನೋಡಿ ನೋಡಿ ಅಂದಾಜಿನ ಮೇಲೆ ಅಂಗಳದಲ್ಲಿ ನಡೆದಳಂತೆ. ಮೂರನೆಯ ದಿನಕ್ಕೆ ಕಾಲು ಬಾತು ಬಿಂದಿಗೆಯಾಗಿದ್ದವಂತೆ. ಅವ್ವ ಇದನ್ನು ಹೇಳುವಾಗ ನಾನು ಹೊಸ ಬೂಟಿನ ಲಾಡಿ ಪೋಣಿಸುತ್ತ ಹೂಂ ಹೂಂ ಎನ್ನುತ್ತಿದ್ದೆ.

ನಾನು ನಡೆಯುತ್ತೇನೆ ಎಂದು ಒಪ್ಪಿಕೊಂಡಾಗ ಭುವನಾ ತನ್ನ ಅಜ್ಜಿಯ ಫೋನಿನಲ್ಲಿ ನಕಾಶೆ ತೆರೆದು ಕೊಟ್ಟಳು. ನಾನು ಎಲ್ಲಿದ್ದೇನೆಂಬುದು ಅದರಲ್ಲಿ ನೀಲಿ ಚುಕ್ಕಿಯಾಗಿ ಕಾಣುತ್ತದೆ. ಅವ್ವ ಕನ್ನಡಕ ಏರಿಸಿ ಅದನ್ನು ದಿಟ್ಟಿಸಿದಳು.

"ಈ ಚುಕ್ಕಿ ಖರೇನ ನೀನ ಏನು ಮಾಂತು?"

ನಾನೇ ಎಂದೆ. ನಂಬಲಿಲ್ಲ. ಮೂರು ಸಲ ನನ್ನನ್ನು ಕಿರಾಣಿ ಅಂಗಡಿಯವರೆಗೆ ಅಟ್ಟಿ ವಾಪಸು ಕರೆಸಿಕೊಂಡಳು. ಮೂರನೆಯ ಸಲ ಒಳಗೆ ಬಂದಾಗ ಫೋನನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ನಮ್ಮತ್ತೆಗೆ ಇದು ಸಿಕ್ಕಿದ್ದರೆ ಪಾಪ ಅವಳ ಕಾಲು ಬಾಯುತ್ತಿರಲಿಲ್ಲ ಎಂದಳು. ನನಗೆ ನಗು ಬಂತು. ಅವ್ವ ಕೂತಲ್ಲೇ ಚುಕ್ಕಿ ನೋಡಿಕೊಂಡು ಹೊತ್ತು ಕಳೆಯುತ್ತಾಳೆ ಎಂದುಕೊಂಡೆ.

ಅವ್ವನ ಸೆರಗಿನ ಗಂಟು ಕಿಸೆಯಲ್ಲಿಟ್ಟುಕೊಂಡು ಶನಿವಾರ ಬೆಳಗಿನ ಐದಕ್ಕೆ ಹೊರಟೆ. ಸಂಜೆಗೆ ಜೇಜುರಿ, ಭಾನುವಾರ ಬೆಳಿಗ್ಗೆ ದರ್ಶನ ಎಂಬುದು ನನ್ನ ಲೆಕ್ಕ. ಹೊಸ ಬೂಟು ಹಾಕಿಕೊಂಡು ದೂರ ನಡೆಯಬೇಡಿ, ಮನೆಯಲ್ಲಿ ಎಂಟು ದಿನ ಹಾಕಿ ಪಳಗಿಸಿ ಎಂದು ಬಂದ ಗಿರಾಕಿಗೆಲ್ಲ ಪಾಠ ಹೇಳುವ ನಾನು, ಅಂಗಡಿಗೆ ಹಿಂದಿನ ದಿನವಷ್ಟೇ ಬಂದ ಬೂಟು ಮೆಟ್ಟಿಕೊಂಡು ಹೊರಟಿದ್ದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಕೋಂಢವಾ ದಾಟುವಾಗ ಹಿಮ್ಮಡಿ ಉರಿಯತೊಡಗಿತು. ಬೋಪದೇವ ಘಾಟಿನ ಬುಡ ಮುಟ್ಟುವಾಗ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆದಿದ್ದವು. ಎದುರಿಗೆ ರಸ್ತೆ ಗುಡ್ಡವನ್ನು ಸುತ್ತಿ ಸುತ್ತಿ ಮೇಲೆ ಹೋಗಿತ್ತು.

ಆಗ ಪಕ್ಕದಲ್ಲಿ ಒಂದು ಟೆಂಪೋ ನಿಂತಿತು. ಮಾರ್ಕೆಟ್ ಯಾರ್ಡಿಗೆ ಚೆಂಡುಹೂ ಇಳಿಸಿ ಘಾಟಿನಾಚೆಯ ಸಾಸವಡಕ್ಕೆ ಖಾಲಿ ಮರಳುತ್ತಿದ್ದ ಅವಧೂತ ಎಂಬವನದು. ಕುಂಟುತ್ತಿದ್ದ ನನ್ನನ್ನು ಕಂಡು ಘಾಟ್ ಮುಗಿಯುವವರೆಗೆ ಹತ್ತಿಕೊಳ್ಳಿ ಸಾಹೇಬರೇ ಎಂದ. ನಾನು ತುಸು ಹೊತ್ತು ಯೋಚಿಸಿದೆ ಎಂದರೆ ಸುಳ್ಳಾಗುತ್ತದೆ. ನಾಲ್ಕೇ ಕಿಲೋಮೀಟರು, ದೇವರು ಇಷ್ಟು ಸಣ್ಣದಕ್ಕೆಲ್ಲ ಕಣ್ಣಿಡುವುದಿಲ್ಲ ಎಂದುಕೊಂಡು ಹತ್ತಿ ಕೂತೆ. ಫೋನು ಆರಿಸಿದರೆ ಚುಕ್ಕಿ ನಿಂತು ಅವ್ವ ಗಾಬರಿಯಾಗುತ್ತಾಳೆ, ಆದ್ದರಿಂದ ಆರಿಸಲಿಲ್ಲ. ಮೂರನೆಯ ಇಯತ್ತೆ ಓದಿದವಳು. ಚುಕ್ಕಿ ನಡೆಯುತ್ತಿದೆಯೋ ಟೆಂಪೋದಲ್ಲಿ ಕೂತಿದೆಯೋ ಅವಳಿಗೇನು ಗೊತ್ತಾದೀತು?

ಎರಡನೆಯ ತಿರುವಿನಲ್ಲಿ ಫೋನು ಕೂಗಿತು. ಅವ್ವನ ನಾಡಿ ನೂರಾ ಹದಿನಾಲ್ಕು. ಅಡುಗೆಮನೆಯಲ್ಲಿ ಏನೋ ಎತ್ತಿಟ್ಟಿರಬೇಕು ಎಂದುಕೊಂಡೆ. ಮತ್ತೆ ಕೂಗಿತು, ನೂರಾ ಇಪ್ಪತ್ತಾರು. ನಾನು ಅವಳಿಗೆ ಫೋನು ಮಾಡಿದೆ, ಕತ್ತರಿಸಿದಳು. ಮತ್ತೆ ಮಾಡಿದೆ, ಮತ್ತೆ ಕತ್ತರಿಸಿದಳು. ಕರೆ ಬಂದರೆ ಪರದೆಯ ಮೇಲೆ ಚುಕ್ಕಿ ಕಾಣುವುದಿಲ್ಲವೆಂದು ಕತ್ತರಿಸುತ್ತಿದ್ದಳು ಎಂಬುದು ಆಮೇಲೆ ತಿಳಿಯಿತು. ನೂರಾ ಮೂವತ್ತೈದು. ಹೆಂಡತಿ ಶೀತಲಳ ನಂಬರು ಒತ್ತಿದೆ.

"ಅತ್ತಿಯವರು ಓಡಾಕ್ಹತ್ಯಾರ್ರೀ" ಎಂದಳು ಅವಳು, ಏದುಸಿರಿನಲ್ಲಿ. "ಬಾಗಲದಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಬಾಗಲಕ್ಕ. ಹಿಡದ್ರ ಕೈ ಕೊಸರಿಕೊಳ್ತಾರ. ಮಾಂತು ಘಾಟಿನಾಗ ಓಡಾಕ್ಹತ್ಯಾನ, ನಾ ಹ್ಯಾಂಗ ನಿಲ್ಲಲಿ ಅಂತಾರ. ನೀವು ಮೊದಲ ನಿಲ್ರಿ."

ಅಜ್ಜಿಯ ಅಂಗಳ ಆಗ ನೆನಪಾಯಿತು. ಬೆಳಗಿನ ಐದರಿಂದ ಅವ್ವ ನನ್ನ ಜೊತೆ ನಡೆಯುತ್ತಿದ್ದಳು. ಹದಿನೈದು ಅಡಿಯ ಪಡಸಾಲೆಯಲ್ಲಿ, ಕೈಯಲ್ಲಿ ಫೋನು ಹಿಡಿದುಕೊಂಡು, ನಾನು ನಡೆದರೆ ನಡೆದು, ನಾನು ಚಹಾಕ್ಕೆ ಕೂತರೆ ಕೂತು. ಈಗ ಚುಕ್ಕಿ ಟೆಂಪೋದ ವೇಗದಲ್ಲಿ ಗುಡ್ಡ ಹತ್ತುತ್ತಿತ್ತು, ಎರಡು ಸ್ಟೆಂಟಿನ ನನ್ನ ಅವ್ವ ಅದರ ಹಿಂದೆ ಓಡುತ್ತಿದ್ದಳು.

ಗಾಡಿ ನಿಲ್ಲಿಸು ಎಂದು ಕಿರುಚಿದೆ. ಅವಧೂತ ಬ್ರೇಕು ಒತ್ತುವ ಮೊದಲೇ ಬಾಗಿಲು ತೆಗೆದು ರಸ್ತೆಯಂಚಿಗೆ ಇಳಿದೆ. ಇಳಿದು ಕಂಬದ ಹಾಗೆ ನಿಂತೆ. ಒಂದು ಹೆಜ್ಜೆ ಆಚೆ ಈಚೆ ಇಡಲಿಲ್ಲ.

ನಾನು ನಿಂತರೂ ಚುಕ್ಕಿ ನಿಲ್ಲಬೇಕಲ್ಲ. ನಕಾಶೆ ಅರ್ಧ ನಿಮಿಷ ಹಿಂದಿರುತ್ತದೆ. ಅರ್ಧ ನಿಮಿಷ ಏನು ಮಹಾ ಎಂದು ಎಷ್ಟು ಜನರಿಗೆ ಸಮಾಧಾನ ಹೇಳಿ ಮಾರಿದ್ದೇನೋ. ಆ ಅರ್ಧ ನಿಮಿಷದಲ್ಲಿ ಅಂಕಿ ನೂರಾ ನಲವತ್ತೊಂದಕ್ಕೆ ಹೋಯಿತು. ಎಂದೂ ಕೈಮುಗಿಯದ ನಾನು ಸೆರಗಿನ ಗಂಟನ್ನು ಎದೆಗೆ ಒತ್ತಿಕೊಂಡೆ. ನಲವತ್ತೊಂದರಲ್ಲೇ ನಿಂತಿತು. ಆಮೇಲೆ ನೂರಾ ಮೂವತ್ತಾರು. ನೂರಾ ಇಪ್ಪತ್ತೊಂಬತ್ತು. ನೂರಾ ಹದಿನೆಂಟು.

ಕೆಳಗೆ ಪುಣೆ ಇಡೀ ಮಂಜಿನಲ್ಲಿ ಮಲಗಿತ್ತು. ಕಟ್ಟಡಗಳ ತುದಿ ಮಾತ್ರ ಕಾಣುತ್ತಿದ್ದವು. ಆ ಮಂಜಿನೊಳಗೆ ಎಲ್ಲೋ ಒಂದು ಮೂರನೆಯ ಮಹಡಿಯಲ್ಲಿ, ನಾನು ನಿಂತೆನೆಂದು ಒಂದು ಮುದಿ ಜೀವ ನಿಂತಿತ್ತು. ನನ್ನ ಕಾಲು ಎಲ್ಲಿದೆ ಎಂಬ ಸುದ್ದಿ ಆಕಾಶ ಮುಟ್ಟಿ ಅವಳ ಕೈಗೆ ಹೋಗಿತ್ತು, ಅವಳ ಎದೆಯ ಸುದ್ದಿ ತಿರುಗಿ ನನ್ನ ಕೈಗೆ ಬಂದಿತ್ತು. ನೂರಾ ನಾಲ್ಕು, ತೊಂಬತ್ತೆಂಟು, ತೊಂಬತ್ತೊಂದು. ದೊಡ್ಡ ಗುಡಿಯೊಳಗೆ ಕಾಲಿಟ್ಟಾಗ ದನಿ ತಾನಾಗಿ ಇಳಿಯುತ್ತದಲ್ಲ, ನನಗೆ ಹಾಗಾಯಿತು. ಹದಿನಾಲ್ಕು ವರ್ಷ ಡಬ್ಬಿ ಡಬ್ಬಿಯಾಗಿ ಮಾರಿದ್ದು ಏನೆಂದು ನನಗೇ ಗೊತ್ತಿರಲಿಲ್ಲ. ಹೆತ್ತವಳ ಎದೆ ಬಡಿಯುವುದನ್ನು ನಾನು ಮೊದಲ ಸಲ ನೋಡುತ್ತಿದ್ದೆ. ನಿಂತಲ್ಲೇ ಅತ್ತುಬಿಟ್ಟೆ. ಅವಧೂತ ಮುಖ ಬೇರೆ ಕಡೆ ತಿರುಗಿಸಿ ತಂಬಾಕು ತಿಕ್ಕುತ್ತ ನಿಂತ.

ಆಮೇಲೆ ಅವ್ವನೇ ಫೋನು ಮಾಡಿದಳು. ಹಾಗೇಕೆ ಓಡಿದಿ, ಮೈಮೇಲೆ ದೇವರು ಬಂದಿದ್ದನೇನು ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಭಕ್ತಿ ಇತ್ತು. ಅದನ್ನು ಕೇಳಿ ಸುಳ್ಳು ಹೇಳಲು ನಾಲಗೆ ಏಳಲಿಲ್ಲ.

"ಟೆಂಪೋ ಹತ್ತಿದ್ದೆ ಅವ್ವಾ."

ನಾನು ಅಂಕಿಯನ್ನೇ ನೋಡುತ್ತಿದ್ದೆ. ತೊಂಬತ್ತು, ಎಂಬತ್ತೊಂಬತ್ತು.

"ನೀ ಕೋಂಢವಾದಾಗ ನಡೀವಾಗ ನಾನೂ ಕೂತು ಒಂದ ಕಪ್ ಚಾ ಕುಡದೇನಿ" ಎಂದಳು ಕೊನೆಗೆ. "ಮೈಲಾರಲಿಂಗ ಇಬ್ಬರದೂ ನೋಡ್ಯಾನ. ಟೆಂಪೋ ಎಲ್ಲಿ ಹತ್ತಿದಿ, ಅಲ್ಲೀತನಕ ಇಳದು ಹೋಗು. ಅಲ್ಲಿಂದ ಇಬ್ಬರೂ ನೆಟ್ಟಗ ನಡಿಯೂಣು."

ನೀನು ಕೂತುಕೋ, ನಿನ್ನ ಪಾಲಿನದನ್ನೂ ನಾನು ನಡೆಯುತ್ತೇನೆ ಎಂದು ಗೋಗರೆದೆ. ಡಾಕ್ಟರ ಹೆಸರು ಹೇಳಿದೆ, ಭುವನಾಳ ಆಣೆ ಇಟ್ಟೆ.

"ನಡಿಯೂದು ನಂದು ಮಾಂತೂ. ಕಾಲಷ್ಟ ನಿಂದು."

ಅವಳನ್ನು ಕೂಡಿಸುವುದು ನನ್ನಿಂದಾಗದು. ಆದರೆ ಅವಳ ವೇಗ ನನ್ನ ಕಾಲಿನಲ್ಲಿತ್ತು.

ಅವಧೂತ ಎಲ್ಲವನ್ನೂ ಅರ್ಥ ಮಾಡಿಕೊಂಡವನಂತೆ ತನ್ನ ಸವೆದ ಚಪ್ಪಲಿ ಬಿಚ್ಚಿ ನನ್ನ ಮುಂದಿಟ್ಟ. ನನ್ನ ಬೂಟು ತಾನು ಹಾಕಿಕೊಂಡು, ಯಾವಾಗಲಾದರೂ ಅಂಗಡಿಗೆ ತಂದು ಕೊಡುತ್ತೇನೆ ಎಂದು ಹೋದ. ನಾನು ಘಾಟ್ ಇಳಿದೆ. ಬುಡದಲ್ಲಿ ಐದು ನಿಮಿಷ ಕೂತು, ಅವ್ವ ಕೂತದ್ದನ್ನು ಶೀತಲಳಿಂದ ಖಾತ್ರಿ ಮಾಡಿಕೊಂಡು, ಮತ್ತೆ ಹತ್ತತೊಡಗಿದೆ.

ಆ ಮೇಲಿನ ನಡಿಗೆಯನ್ನು ಹೇಗೆ ಹೇಳಲಿ? ದಾರಿ ನೋಡಿಕೊಂಡು ನಾನು ನಡೆಯಲೇ ಇಲ್ಲ, ಅವ್ವನ ನಾಡಿ ನೋಡಿಕೊಂಡು ನಡೆದೆ. ತೊಂಬತ್ತೈದಾದರೆ ಹೆಜ್ಜೆ ಸಣ್ಣದು ಮಾಡುತ್ತಿದ್ದೆ. ನೂರು ಮುಟ್ಟಿದರೆ ಆಲವೋ ಬೇವೋ ಸಿಕ್ಕ ಮರದ ಕೆಳಗೆ ಕೂಡುತ್ತಿದ್ದೆ. ಎಂಬತ್ತಕ್ಕಿಳಿದರೆ ಏಳುತ್ತಿದ್ದೆ. ನನ್ನ ಹಿಂದೆ ಜೇಜುರಿಗೆ ಹೊರಟಿದ್ದ ಮುದುಕರೆಲ್ಲ ನನ್ನನ್ನು ದಾಟಿ ಹೋದರು. ದಾಟುವಾಗ ಒಬ್ಬ ಅಜ್ಜಿ ಕನಿಕರಪಟ್ಟು ನನಗೆ ಬಾಳೆಹಣ್ಣು ಕೊಟ್ಟಳು. ಅದನ್ನು ತಿನ್ನುವ ಮೊದಲು ಮನೆಗೆ ಫೋನು ಮಾಡಿ, ನೀನೂ ಏನಾದರೂ ತಿನ್ನು ಎಂದೆ. ಕತ್ತಲಾಗುವ ಮೊದಲು ಸಾಸವಡದ ಧರ್ಮಶಾಲೆ ಸೇರಿದಾಗ ಅಷ್ಟು ದೂರಕ್ಕೆ ಹಿಡಿದ ಹೊತ್ತನ್ನು ನೋಡಿ ನನ್ನ ಕೈಯ ಗಡಿಯಾರ, ನಿಮ್ಮ ಸಾಮರ್ಥ್ಯ ಕುಸಿದಿದೆ ಎಂದು ಬರೆಯಿತು. ಅದರ ಮುಖಕ್ಕಿಷ್ಟು. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ನಾನು ಎಂದೂ ನಡೆದಿರಲಿಲ್ಲ.

ಭಾನುವಾರ ಇಳಿಹೊತ್ತಿಗೆ ಜೇಜುರಿ ಮುಟ್ಟಿದೆವು. ಮುಟ್ಟಿದೆವು ಎಂದೇ ಹೇಳುತ್ತೇನೆ. ಗುಡ್ಡದ ಮೆಟ್ಟಿಲೆಲ್ಲ ಅರಿಸಿನದಿಂದ ಹಳದಿ, ಮೇಲಿಂದ ಇಳಿಯುವವರ ಹುಬ್ಬು ಗಡ್ಡವೆಲ್ಲ ಹಳದಿ. ಯಳಕೋಟ ಯಳಕೋಟ ಎಂದು ಅವರು ದೇವರಿಗೆ ಜಯಕಾರ ಕೂಗಿದರೆ, ನಮ್ಮ ಕಡೆಯ ಒಂದು ಗುಂಪು ಏಳುಕೋಟಿ ಏಳುಕೋಟಿಗೋ ಎಂದು ಉತ್ತರ ಕೊಡುತ್ತಿತ್ತು. ನಾನು ಬಾಯಿ ತೆರೆಯಲಿಲ್ಲ. ನಾಲ್ಕು ಮೆಟ್ಟಿಲು, ಒಂದು ಸಲ ಅಂಕಿ. ನಾಲ್ಕು ಮೆಟ್ಟಿಲು, ಒಂದು ಸಲ ಅಂಕಿ. ಹೀಗೆ ಮುಕ್ಕಾಲು ಗಂಟೆ ಹತ್ತಿ, ಗುಡಿಯ ಮುಂದೆ ಸೆರಗಿನ ಗಂಟು ಬಿಚ್ಚಿ ಭಂಡಾರ ಹಾರಿಸಿದೆ. ಅದು ಬಿಸಿಲಿನಲ್ಲಿ ಎದ್ದು, ತೇಲಿ, ನನ್ನ ತಲೆಯ ಮೇಲೇ ಬಿತ್ತು.

ಕಣ್ಣೊರೆಸಿಕೊಂಡು ಫೋನು ನೋಡಿದೆ. ನೂರಾ ಆರು. ನಾನು ನಿಂತು ಎಷ್ಟೋ ಹೊತ್ತಾಗಿದ್ದರೂ ಇಳಿಯುತ್ತಿಲ್ಲ. ಶೀತಲಳಿಗೆ ಫೋನು ಹಚ್ಚಿದೆ. ಅತ್ತೆ ನಡೆಯುತ್ತಿಲ್ಲ, ಓಡುತ್ತಿಲ್ಲ, ಪಡಸಾಲೆಯ ನಡುವೆ ಸುಮ್ಮನೆ ನಿಂತಿದ್ದಾರೆ ಎಂದಳು. ಅರ್ಧ ಗಂಟೆಯಿಂದ ಕೂಡಿ ಎಂದರೂ ಕೂಡುತ್ತಿಲ್ಲವಂತೆ. ನನಗೆ ಹೊಳೆಯಿತು. ಮೆಟ್ಟಿಲು ಹತ್ತುವಾಗ ನಕಾಶೆಯಲ್ಲಿ ಚುಕ್ಕಿ ಅಲುಗಿದಂತೆಯೇ ಕಾಣುವುದಿಲ್ಲ. ನಾನು ಇನ್ನೂ ಹತ್ತುತ್ತಿದ್ದೇನೋ ಕೂತಿದ್ದೇನೋ ಅವಳಿಗೆ ತಿಳಿಯುವ ದಾರಿ ಇರಲಿಲ್ಲ. ಅದಕ್ಕೆ, ನನ್ನ ಅಜ್ಜಿಯ ಹಾಗೆ, ಅಂದಾಜಿನ ಮೇಲೆ ನಿಂತಿದ್ದಳು. ಶೀತಲ ಫೋನನ್ನು ಅವಳ ಕಿವಿಗೆ ಹಿಡಿದಳು.

"ಮುಟ್ಟಿದ್ಯೇನಪಾ?"

"ಮುಟ್ಟಿದ್ವಿ ಅವ್ವಾ. ಭಂಡಾರ ಹಾರಿಸಿದೆ."

ಆ ಕಡೆ ಅವಳ ಉಸಿರು ಕೇಳುತ್ತಿತ್ತು. ಪಕ್ಕದಲ್ಲಿ ಭುವನಾ ಏನೋ ಹೇಳುತ್ತಿದ್ದಳು, ಅವ್ವ ಅವಳನ್ನು ಸುಮ್ಮನಾಗಿಸಿದಳು.

"ಹಂಗಾದ್ರ ಈಗ ಕೂಡ್ಲೇನು?"

ಹನ್ನೆರಡು ವರ್ಷದಿಂದ ನಿಂತೇ ಇದ್ದವಳು ಕೇಳಿದಂತೆ ಕೇಳಿದಳು.

"ಕೂಡವ್ವಾ, ನಾನೂ ಕೂತೇನಿ" ಎಂದೆ, ಮತ್ತು ಆ ಮಾತು ಸುಳ್ಳಾಗದಿರಲೆಂದು ಅರಿಸಿನ ಹರಡಿದ ಕಲ್ಲಿನ ಮೇಲೆ ಕೂತೆ.