ಕರಡಿ ಕಾಡಿಗೆ ಹೋಗಿದೆ

ಯಾರೋ ಹಿಂದಿನಿಂದ ಬಂದು ಎರಡೂ ಕೈಗಳಿಂದ ಅವಳ ಕಾಲನ್ನು ತಬ್ಬಿಕೊಂಡರು. ಕರಡಿ ವೇಷದ ಬಾಯಿಗೆ ಹೊಲಿದ ಕಪ್ಪು ಬಲೆಯ ಮೂಲಕವಷ್ಟೇ ಅವಳಿಗೆ ಹೊರಗಿನದು ಕಾಣುತ್ತಿತ್ತು. ಹಿಂದಿರುವವರು ಯಾರೆಂದು ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸಬೇಕು. ತಿರುಗಿದರೆ ಹಿಡಿತ ಬಿಟ್ಟುಹೋಗುತ್ತದೆ. ಅವಳು ತಿರುಗಲಿಲ್ಲ. ಒರಟು ಕೂದಲು, ಅದರೊಳಗಿನ ಸ್ಪಂಜು, ಅದರೊಳಗಿನ ಅವಳ ಹಳೆಯ ಪೈಜಾಮ, ಇಷ್ಟನ್ನೂ ದಾಟಿ ಒಂದು ಪುಟ್ಟ ಕೆನ್ನೆ ಮೊಣಕಾಲಿನ ಹಿಂಬದಿಗೆ ಒತ್ತಿಕೊಂಡಿತು.

"ಇದರ ಹೊಟ್ಟೆ ಒಳಗೆ ಮನುಷ್ಯರಿದಾರೆ ಕಣೋ," ಎಂದ ಒಬ್ಬ ಹುಡುಗ.

"ಸುಳ್ಳು. ಕೈ ನೋಡು, ಉಗುರಿದೆ."

"ತಾಳು, ಬಾಲ ಎಳೆದು ನೋಡೋಣ."

ಬಾಲ ಎಳೆದರು. ಕರಡಿ ಮಾತಾಡಬಾರದೆಂಬುದು ನಿಯಮ. ಅವಳು ಎರಡು ಕೈಯನ್ನೂ ಮೇಲೆತ್ತಿ, ಸೊಂಟ ಕುಣಿಸಿ, ಬಾಲ ಎಳೆದವನ ತಲೆಯ ಮೇಲೆ ಪಂಜ ಇಟ್ಟಳು. ಮಕ್ಕಳು ಬಿದ್ದು ಬಿದ್ದು ನಕ್ಕರು. ಟೀಚರು ಸಾಲು ಮಾಡಿಸಿ ಫೋಟೋ ತೆಗೆದರು. ಆಮೇಲೆ ಮಕ್ಕಳೆಲ್ಲ ಅಂಗಡಿಯಲ್ಲಿ ಐಸ್‌ಕ್ಯಾಂಡಿ ಕೊಂಡು ಬಸ್ಸು ಹತ್ತಿದರು. ರಾಷ್ಟ್ರೀಯ ಉದ್ಯಾನದ ಹೆಬ್ಬಾಗಿಲಿನ ಆಚೆ, ಮರಗಳ ನಡುವೆ ಹೋಗುವ ಕಾಲುದಾರಿ ಅವರ ಬೆನ್ನ ಹಿಂದೆ ಖಾಲಿ ಬಿದ್ದಿತ್ತು.

"ಹೊರಗೆ ಬಾರೇ ಕರಡಿ, ಬೆಂದು ಹೋಗಿದೀಯ," ಎನ್ನುತ್ತ ಟಿಕೆಟ್ ಕೌಂಟರಿನ ಅಕ್ಕ ಬೆನ್ನಿನ ಜಿಪ್ ಎಳೆದಳು. ಅದನ್ನು ಹಾಕಲೂ ತೆಗೆಯಲೂ ಇನ್ನೊಬ್ಬರು ಬೇಕು. ಅವಳು ತಲೆ ಕಳಚಿ ಬೆಂಚಿನ ಮೇಲಿಟ್ಟು, ಬೆವರಿಗೆ ಅಂಟಿದ ಕೂದಲನ್ನು ಹಿಂದಕ್ಕೆ ಸರಿಸಿಕೊಂಡಳು. ಜೀಪಿನ ಡ್ರೈವರ್‌ನಿಂದ ಹಿಡಿದು ಗಾರ್ಡುಗಳವರೆಗೆ ಎಲ್ಲರೂ ಅವಳನ್ನು ಕರಡಿ ಎಂದೇ ಕರೆಯುತ್ತಿದ್ದರು. ಅವಳೂ ಕರೆದಾಗ ತಿರುಗುತ್ತಿದ್ದಳು.

ಅವಳ ಕೋಣೆ ಸೈಕಲ್ ರಿಪೇರಿ ಅಂಗಡಿಯ ಮೇಲಿತ್ತು. ಅಮ್ಮ ಹೋದ ಮೇಲೆ ಅಣ್ಣ ಹಳೆಯ ಮನೆಯ ಪಾತ್ರೆಗಳನ್ನು ಹಂಚಿಕೊಂಡು ದೂರದ ಊರಿಗೆ ಹೋಗಿದ್ದ. ಭಾನುವಾರ ಅತ್ತಿಗೆ ಫೋನ್ ಮಾಡಿ, "ಇನ್ನೂ ಅದೇ ಕುಣಿಯೋ ಕೆಲಸವಾ?" ಎಂದು ಕೇಳಿ, ಅಡುಗೆ ಉಕ್ಕುತ್ತಿದೆ ಎಂದು ಇಟ್ಟುಬಿಡುತ್ತಿದ್ದಳು. ಕಿರಾಣಿ ಅಂಗಡಿಯವನು ಚಿಲ್ಲರೆಯನ್ನು ಕೈಗೆ ಕೊಡದೆ ಗಾಜಿನ ಮೇಲೆ ಇಡುತ್ತಿದ್ದ, ಎಲ್ಲರಿಗೂ ಹಾಗೇ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಚೀಲವನ್ನು ನಡುವೆ ಇಟ್ಟುಕೊಳ್ಳುತ್ತಿದ್ದರು. ಅಮ್ಮ ತಲೆಗೆ ಎಣ್ಣೆ ಹಚ್ಚುತ್ತಿದ್ದದ್ದನ್ನು ಬಿಟ್ಟರೆ, ಯಾರಾದರೂ ಅವಳನ್ನು ಮುಟ್ಟಿದ್ದು ಕರಡಿಯ ಒಳಗಿದ್ದಾಗಲೇ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದೂ ಆಗಿರಲಿಲ್ಲ.

ಉದ್ಯಾನಕ್ಕೆ ಹೊಸದಾಗಿ ಬಂದ ಅಧಿಕಾರಿ ಹೆಂಗಸು. ಬಂದಾಗಿನಿಂದ ಕಿಟಕಿಯಲ್ಲಿ ನಿಂತು ಹೆಬ್ಬಾಗಿಲನ್ನೇ ನೋಡುತ್ತಿದ್ದರು. ಒಂದು ಮಧ್ಯಾಹ್ನ ಅವಳನ್ನು ಕರೆಸಿದರು. ಮೇಜಿನ ಮೇಲೆ ಅರ್ಧ ತಿಂದ ಬಾಳೆಹಣ್ಣು, ಕಾಡಿನ ನಕ್ಷೆ.

"ಕೂತ್ಕೊಳ್ಳಮ್ಮ. ನಿನ್ನ ಕೆಲಸದಲ್ಲಿ ತಪ್ಪಿಲ್ಲ. ತಪ್ಪು ನಮ್ಮದು. ಮಕ್ಕಳು ಇಷ್ಟು ದೂರ ಬಂದು ಸ್ಪಂಜಿನ ಕರಡಿ ನೋಡ್ಕೊಂಡು ವಾಪಸ್ ಹೋಗ್ತಾರೆ. ಒಂದು ಎಲೆ ಮುಟ್ಟಲ್ಲ. ನಾಳೆ ಇವರೇ ದೊಡ್ಡವರಾಗ್ತಾರೆ. ಈ ಕಾಡಿನ ಮಧ್ಯೆ ರಸ್ತೆ ಮಾಡ್ತೀವಿ ಅಂತ ಯಾರಾದ್ರೂ ಬಂದ್ರೆ, ಬೇಡ ಅಂತ ಯಾಕೆ ಅನ್ನಬೇಕು ಇವರು? ಒಳಗೆ ಏನಿದೆ ಅಂತ ನೋಡೇ ಇಲ್ವಲ್ಲ."

ಅವಳು ಕೈ ನೋಡಿಕೊಂಡು ಕುಳಿತಳು. ಹೇಳಿದ್ದು ನಿಜ. ಖಾಲಿ ಕಾಲುದಾರಿಯನ್ನು ದಿನವೂ ಬಲೆಯ ಮೂಲಕ ನೋಡುತ್ತಿದ್ದವಳು ಅವಳೇ. ಸುಳ್ಳಾಗಿದ್ದರೆ ಒಳಗೊಳಗೇ ಬೈದುಕೊಂಡಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು.

"ಕರಡಿ ವೇಷ ಇನ್ನು ಬೇಡ. ಮಕ್ಕಳನ್ನ ಕಾಲುದಾರೀಲಿ ಕರ್ಕೊಂಡು ಹೋಗೋರು ಬೇಕು. ಸೋಮವಾರ ಒಂದು ಶಾಲೆ ಬರುತ್ತೆ. ನೀನು ಹೋಗಿ ನೋಡು. ಆದರೆ ಮಾತಾಡಬೇಕಾಗುತ್ತೆ. ಆಗಲ್ಲ ಅಂದ್ರೆ ಸಂಕೋಚ ಬೇಡ, ನರ್ಸರಿಗೆ ಹಾಕ್ತೀನಿ."

ನರ್ಸರಿ ಎಂದರೆ ಬೇಲಿಯಾಚೆಯ ಸಸಿ ತೋಟ. ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬುವ ಕೆಲಸ. ಅತ್ತ ಮಕ್ಕಳ ಸುಳಿವೇ ಇಲ್ಲ.

"ಹ್ಞೂಂ," ಎಂದಳು ಅವಳು. ಯಾವುದಕ್ಕೆ ಎಂದು ಅಧಿಕಾರಿಗೂ ತಿಳಿಯಲಿಲ್ಲ.

ನಾಲ್ಕು ಜನರ ಮುಂದೆ ಅವಳ ನಾಲಿಗೆ ಕಟ್ಟಿಹೋಗುತ್ತಿತ್ತು. ಶಾಲೆ ಬಿಟ್ಟಾಗ ಮನೆಯಲ್ಲಿ ಎಲ್ಲರೂ ಅತ್ತಿದ್ದರು. ಇನ್ನು ಎದ್ದು ನಿಂತು ಓದಬೇಕಾಗಿಲ್ಲವೆಂದು ಅವಳಿಗೆ ಮಾತ್ರ ಹಗುರಾಗಿತ್ತು. ಆ ಭಾನುವಾರ ಕೋಣೆಯ ಗೋಡೆಯ ಕಡೆ ಮುಖ ಮಾಡಿ ನಿಂತು ಅಭ್ಯಾಸ ಮಾಡಿದಳು. "ಮಕ್ಕಳೇ, ಎಲ್ಲರೂ ಬನ್ನಿ. ಮಕ್ಕಳೇ, ಇದು ಹುತ್ತ. ಯಾರೂ ಮುರೀಬೇಡಿ." ಮತ್ತೆ, ಸ್ವಲ್ಪ ಗಟ್ಟಿಯಾಗಿ, "ಮಕ್ಕಳೇ."

ಕೆಳಗಿನಿಂದ ಸೈಕಲ್ ರಿಪೇರಿಯವನು ಕೂಗಿದ. "ಯಾರಮ್ಮ ಬಂದಿರೋದು? ನೆಂಟರಾ?"

ಅವಳು ಕಿಟಕಿಯ ಹತ್ತಿರ ಬಂದಳು. "ಯಾರೂ ಇಲ್ಲ."

"ಮಾತು ಕೇಳಿಸ್ತಲ್ಲ."

"ರೇಡಿಯೊ," ಎಂದು ಕಿಟಕಿ ಎಳೆದುಕೊಂಡಳು.

ಸೋಮವಾರ ಅವಳಿಗೆ ಕೊಟ್ಟ ಖಾಕಿ ಅಂಗಿಯ ತೋಳು ಬೆರಳಿನವರೆಗೆ ಬರುತ್ತಿತ್ತು. ಎರಡು ಮಡಿಕೆ ಮಡಚಿ, ಹೆಬ್ಬಾಗಿಲಿನ ಪಕ್ಕ, ಯಾವಾಗಲೂ ನಿಲ್ಲುತ್ತಿದ್ದ ಜಾಗದಲ್ಲೇ ನಿಂತಳು. ಬಸ್ಸು ಬಂತು. ಇಳಿದ ಮಕ್ಕಳು ಓಡಿ ಬಂದರು. ಅವಳ ಕೈಗಳು ತಾವಾಗಿಯೇ ತುಸು ಮೇಲೆದ್ದವು. ಮಕ್ಕಳು ಅವಳನ್ನು ಬಳಸಿಕೊಂಡು, ಕಂಬವನ್ನು ಬಳಸಿ ಹೋಗುವ ಹಾಗೆ, ಹಿಂದಿನ ಶೆಡ್ಡಿಗೆ ಹೋಗಿ ಇಣುಕಿದರು.

"ಕರಡಿ ಎಲ್ಲಿ?"

"ಹೋದ ಸಲ ನಮ್ಮಣ್ಣ ಬಂದಾಗ ಇಲ್ಲೇ ಇತ್ತು. ಫೋಟೋ ಇದೆ."

"ಮಿಸ್, ಕರಡಿ ಇಲ್ಲ."

ಟೀಚರು ಅವಳ ಕಡೆ ನೋಡಿದರು. ಅವಳು ಬಾಯಿ ತೆರೆದಳು. "ಮಕ್ಕಳೇ" ಎಂಬ ಮಾತು ಹೊರಡಲಿಲ್ಲ. ಒಂದು ಹುಡುಗಿಯ ಕೆಳತುಟಿ ಆಗಲೇ ನಡುಗಲು ಶುರುವಾಗಿತ್ತು. ಕಚೇರಿಯ ಜಗಲಿಯ ಮೇಲೆ ಅಧಿಕಾರಿ ನಿಂತಿದ್ದು ಅವಳಿಗೆ ಕಣ್ಣಂಚಿನಲ್ಲಿ ಕಾಣುತ್ತಿತ್ತು.

ಟಿಕೆಟ್ ಕೌಂಟರಿನ ಅಕ್ಕ ಕಿಂಡಿಯಿಂದ ತಲೆ ಹೊರಗೆ ಹಾಕಿದಳು. "ಕರಡಿ ಕಾಡಿಗೆ ಹೋಗಿದೆ."

ಎಲ್ಲರೂ ತಿರುಗಿದರು. "ಯಾಕೆ?"

"ಇನ್ನೇನು ಮಾಡುತ್ತೆ? ದಿನಾ ಬಾಲ ಎಳೀತೀರ. ಬೇಜಾರಾಯ್ತು, ಹೋಯ್ತು."

"ಯಾವ ಕಡೆ?"

"ನನ್ನನ್ನೇನು ಕೇಳ್ತೀರ? ಅಗೋ, ಆ ಅಕ್ಕನ್ನ ಕೇಳಿ. ಕರಡಿ ವಿಷಯ ಅವಳಿಗೆ ಗೊತ್ತಿರೋ ಅಷ್ಟು ಯಾರಿಗೂ ಗೊತ್ತಿಲ್ಲ." ಅಕ್ಕ ಏನೂ ಅರಿಯದವಳ ಹಾಗೆ ಟಿಕೆಟ್ ಹರಿಯತೊಡಗಿದಳು.

ಅಷ್ಟೂ ಮುಖಗಳು ಅವಳತ್ತ ಎದ್ದವು. ಬಲೆ ಇಲ್ಲದೆ ಅವಳು ಅವರನ್ನು ನೋಡಿದ್ದು ಅದೇ ಮೊದಲು. ತುಟಿಯ ಮೇಲೆ ಬೆರಳಿಟ್ಟುಕೊಂಡು, ತಿರುಗಿ, ಕಾಲುದಾರಿಯಲ್ಲಿ ಮೆಲ್ಲನೆ ಹೆಜ್ಜೆ ಇಟ್ಟಳು. ಹಿಂದಿನಿಂದ ಒಣ ಎಲೆಗಳ ಸದ್ದು ಬಂತು. ಒಂದು ಜೊತೆ ಕಾಲು, ಆಮೇಲೆ ಇನ್ನೊಂದು, ಆಮೇಲೆ ಎಲ್ಲ.

ಮಕ್ಕಳು ಇಷ್ಟು ಸದ್ದಿಲ್ಲದೆ ನಡೆಯಬಲ್ಲರೆಂದು ಅವಳಿಗೆ ಗೊತ್ತಿರಲಿಲ್ಲ; ಅವರ ಟೀಚರಿಗೂ ಗೊತ್ತಿದ್ದಂತಿರಲಿಲ್ಲ. ಪೊದೆಯ ಕೆಳಗೆ ಬಗ್ಗಿ ನೋಡಿದರು. ಕರಡಿ ಸಿಗಲಿಲ್ಲ, ಜೇಡ ಸಿಕ್ಕಿತು. ಅದು ಬಲೆಯ ನಡುವೆ ಎಂಟು ಕಾಲನ್ನೂ ಜೋಡಿಸಿಕೊಂಡು ಕುಳಿತಿದ್ದನ್ನು ಉಸಿರು ಬಿಗಿಹಿಡಿದು ನೋಡಿದರು. ಕೊಟ್ ಕೊಟ್ ಎಂದು ಸದ್ದಾದಾಗ ಕರಡಿಯೇ ಇರಬೇಕೆಂದು ಒಬ್ಬರನ್ನೊಬ್ಬರು ಹಿಡಿದುಕೊಂಡರು, ಮೇಲೆ ನೋಡಿದರೆ ಮರಕುಟಿಗ. ಒಡೆದ ಹುತ್ತದ ಹತ್ತಿರ ಕುಕ್ಕರಗಾಲಲ್ಲಿ ಕೂತು ಮೂಸಿ ನೋಡಿದ ಒಬ್ಬ, "ಕರಡಿ ವಾಸನೆ," ಎಂದ. ಎಲ್ಲರೂ ಸರದಿಯ ಮೇಲೆ ಮೂಸಿದರು.

ತಿರುವಿನ ದೊಡ್ಡ ಮರದ ತೊಗಟೆಯ ಮೇಲೆ ಉದ್ದುದ್ದ ಗೀರುಗಳಿದ್ದವು. ಅವಳು ನಿಂತಳು. "ಇದು," ಎಂದಳು. "ಇದು ಕರಡಿ ಹತ್ತಿದ ಗುರುತು. ಜೇನಿಗೆ."

"ನಮ್ಮ ಕರಡೀದಾ?"

"ಗೊತ್ತಿಲ್ಲ. ಮುಟ್ಟಿ ನೋಡಿ."

ಮುಟ್ಟಿದರು. ಒಂದೊಂದು ಗೀರಿಗೆ ಒಂದೊಂದು ಬೆರಳು ಇಟ್ಟು ಅಳತೆ ನೋಡಿದರು. ಬಾಲ ಎಳೆಯುವ ಜಾತಿಯ ಹುಡುಗನೊಬ್ಬ ಗೀರಿನ ಆಳ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ. ಮಕ್ಕಳು ಮುಂದೆ ಹೋದ ಮೇಲೂ ಶೂ ದಾರ ಬಿಚ್ಚಿಹೋಗಿದ್ದ ಒಂದು ಹುಡುಗಿ, ಹೆಬ್ಬಾಗಿಲಲ್ಲಿ ಅಳಲು ಹೊರಟಿದ್ದವಳು, ಅಲ್ಲೇ ಉಳಿದಳು.

"ಅಕ್ಕ, ಅದು ಯಾರ ಜೊತೆ ಇರುತ್ತೆ?"

"ದೊಡ್ಡ ಕರಡಿಗಳು ಒಂದೊಂದೇ ಇರೋದು."

"ಅಮ್ಮ?"

"ಚಿಕ್ಕದಿರೋವಾಗ ಅಷ್ಟೇ."

"ಪಾಪ," ಎಂದಳು ಹುಡುಗಿ.

"ಇಲ್ಲಮ್ಮ, ಅದಕ್ಕೆ ರೂಢಿ," ಎಂದು ಅವಳು ಬಗ್ಗಿ ದಾರ ಕಟ್ಟಲು ಕೈ ಚಾಚಿದಳು. "ನಂಗೆ ಬರುತ್ತೆ," ಎಂದು ಹುಡುಗಿ ಕಾಲು ಹಿಂದಕ್ಕೆಳೆದುಕೊಂಡು ತಾನೇ ಕಟ್ಟಿಕೊಂಡಳು. ಮುಂದಿನಿಂದ ಟೀಚರು ಕರೆದರು. ಅವಳು ಆ ಕಡೆ ಹೋದಳು. ಹುಡುಗಿ ಸ್ವಲ್ಪ ಹೊತ್ತು ಬಿಟ್ಟು ಓಡಿ ಬಂದು ಸಾಲು ಸೇರಿದಳು.

ವಾಪಸ್ ಬಸ್ಸು ಹತ್ತಿದ ಮಕ್ಕಳು ಕಿಟಕಿಯಿಂದ ಕೈ ಹೊರಗೆ ಹಾಕಿ ಟಾಟಾ ಮಾಡಿದರು. ಮರಗಳ ಕಡೆಗೆ. "ಬಾಲ ಎಳೆಯಲ್ಲ, ವಾಪಸ್ ಬಾ," ಎಂದು ಒಬ್ಬ ಕೂಗಿದ. ಅವಳು ಬಸ್ಸಿನ ಪಕ್ಕದಲ್ಲೇ, ತೋಳಿನ ಮಡಿಕೆ ಸರಿಮಾಡಿಕೊಳ್ಳುತ್ತ ನಿಂತಿದ್ದಳು. ಬಸ್ಸು ತಿರುಗಿತು. ಜಗಲಿಯಿಂದ ಅಧಿಕಾರಿ, "ನಾಳೆಯಿಂದ ನೀನೇ," ಎಂದು ಹೇಳಿ ಒಳಗೆ ಹೋದರು.

"ನಾಲಿಗೆ ಇದೆ ಅಂತಾಯ್ತು ನಮ್ಮ ಕರಡಿಗೆ," ಎಂದಳು ಟಿಕೆಟ್ ಅಕ್ಕ.

ಅವಳು ನಕ್ಕು, ಗೋಣಿಚೀಲ ತೆಗೆದುಕೊಂಡು ಮತ್ತೆ ಕಾಲುದಾರಿಗೆ ಹೋದಳು. ಮಕ್ಕಳು ಹೋದ ಮೇಲೆ ದಾರಿ ನೋಡಿಕೊಂಡು ಬರುವುದೂ ಈಗ ಅವಳ ಕೆಲಸ. ಕಾಡಿನೊಳಗೆ ಕಾಗದ, ತಿಂಡಿ ಏನೂ ಉಳಿಯಬಾರದು. ಒಂದು ಹೇರ್‌ಪಿನ್ ಸಿಕ್ಕಿತು. ಜೇಡ ಇನ್ನೂ ಅಲ್ಲೇ ಇತ್ತು. ಗೀರಿನ ಮರದ ಬುಡದಲ್ಲಿ, ಎರಡು ಬೇರುಗಳ ನಡುವೆ, ಒಂದು ಅಗಲವಾದ ಎಲೆ ಹಾಸಿ ಅದರ ಮೇಲೆ ಒಂದು ಬಿಸ್ಕತ್ತು ಇಟ್ಟಿತ್ತು. ಒಂದು ಮೂಲೆಯಲ್ಲಿ ಪುಟ್ಟ ಹಲ್ಲಿನ ಗುರುತು.

ಅವಳು ಚೀಲದ ಬಾಯಿ ತೆರೆದಳು. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು ಪಕ್ಕಕ್ಕಿಟ್ಟಳು. ಬಿಸ್ಕತ್ತಿನ ಮೇಲೆ ಆಗಲೇ ಹತ್ತಿದ್ದ ಇರುವೆಗಳನ್ನು ಊದಿ, ಹೋಗದೇ ಇದ್ದದ್ದನ್ನು ಬೆರಳಿನಿಂದ ಇಳಿಸಿ, ದಾರಿಯ ಎರಡೂ ಕಡೆ ಒಮ್ಮೆ ನೋಡಿದಳು. ಆಮೇಲೆ ಬೇರಿನ ಮೇಲೆ ಕುಳಿತು, ಮರಕ್ಕೆ ಬೆನ್ನು ಕೊಟ್ಟು, ಅದನ್ನು ನಿಧಾನವಾಗಿ ತಿಂದಳು. ಎಲೆಯನ್ನು ಮಾತ್ರ ಇದ್ದಲ್ಲೇ ಬಿಟ್ಟಳು.