ಹಲಗೆಯ ಮೇಲಿನ ಸಾಲು

೧

ಬೇಸಿಗೆ ಶುರುವಾಗಿತ್ತು, ಬೆಳಿಗ್ಗೆ ಎಂಟರ ಸುಮಾರು ಎಂದು ಆರಂಭಿಸಲೇ? ಅಥವಾ ಮೇಡಂ ಸೀಮೆಸುಣ್ಣ ಹಿಡಿದು ನಿಂತಿದ್ದರು ಎಂದೇ? ಕಥೆಗೆ ಬಾಗಿಲು ಎಲ್ಲಿಡಬೇಕೋ ನನಗೆ ತಿಳಿಯದು. ನಾನು ಬಾಗಿಲು ಕಾದವನು, ಇಟ್ಟವನಲ್ಲ. (ಮೂರನೇ ಕ್ಲಾಸಿನ ಮೇಷ್ಟ್ರು ಇದನ್ನು ನೋಡಿದರೆ ಮೊದಲು ಕೈಬರಹಕ್ಕೆ ನಗುತ್ತಾರೆ. ನಗಲಿ.)

ನಮ್ಮ ಬೀದಿಯಲ್ಲಿ ಪರದೇಶವೊಂದರ ವಾಚನಾಲಯವಿತ್ತು. ತಮ್ಮ ಬಗ್ಗೆ ನಮಗೆ ಒಳ್ಳೆಯ ಅಭಿಪ್ರಾಯ ಬರಲಿ ಎಂದು ಆ ಸರ್ಕಾರವೇ ತೆರೆದದ್ದು. ಅದಕ್ಕೆ ಮೇಡಂ ಮುಖ್ಯಸ್ಥೆ, ನಾನು ಕಾವಲು. ಹೊರಗಿನ ಕರಿಹಲಗೆಯ ಮೇಲೆ ಅವರು ದಿನಾ ತಮ್ಮ ದೇಶದ ಸುದ್ದಿ ಬರೆಯುತ್ತಿದ್ದರು. ಯಾರೂ ಓದುತ್ತಿರಲಿಲ್ಲ. ಬಂದವರು ಒಳಗೆ ಫ್ಯಾನಿನ ಕೆಳಗೆ ಕೂತು, ಬೆವರು ಆರಿದ ಮೇಲೆ ಎದ್ದು ಹೋಗುತ್ತಿದ್ದರು.

೨

ಮೇಲೆ ತಪ್ಪು ಬರೆದೆ. ಒಬ್ಬ ಓದುತ್ತಿದ್ದ. ಎದುರಿನ ಕಟಿಂಗ್ ಶಾಪಿನವನು, ನನ್ನ ಹೆಂಡತಿಯ ತಮ್ಮ. ಓದುತ್ತಿದ್ದದ್ದು ನಗುವುದಕ್ಕೆ.

"ಭಾವ, ಪ್ರಪಂಚದಲ್ಲೇ ಉದ್ದದ ಸೇತುವೆಯಂತೆ! ನಿಮ್ಮ ಮೇಡಂ ಬಿಡೋ ರೈಲೆಲ್ಲಾ ಅದರ ಮೇಲೇ ಓಡುತ್ತೇನೋ."

ಮೇಡಂ ಕೇಳಿಸಿಕೊಂಡರು. ಮರುದಿನ ಹಲಗೆಯ ಮೊದಲ ಸಾಲು: 'ನಿನ್ನೆಯ ತಪ್ಪು: ನಮ್ಮ ಸೇತುವೆ ಉದ್ದದಲ್ಲಿ ಎರಡನೆಯದು.' ಸುದ್ದಿ ಅದರ ಕೆಳಗೆ. ಅಂದಿನಿಂದ ಅದೇ ಪದ್ಧತಿ. ತಪ್ಪಿಲ್ಲದ ದಿನ 'ತಪ್ಪಿಲ್ಲ' ಎಂದು ಬರೆಯುತ್ತಿದ್ದರು. ಬೀದಿಯ ಜನ ಮೇಲಿನ ಸಾಲು ಓದಲು ಬಂದು, ಕೆಳಗಿನದನ್ನು ನಂಬತೊಡಗಿದರು. ಮೇಲಧಿಕಾರಿಯೊಬ್ಬರು ನೋಡಿ ಇದು ಸ್ಟ್ರಾಟೆಜಿಕ್ ಕಮ್ಯುನಿಕೇಶನ್ ಎಂದರು.

"ತಪ್ಪು ಒಪ್ಕೊಳ್ಳೋಕೆ ಇಷ್ಟುದ್ದ ಹೆಸರಾ?" ಎಂದ ಭಾವಮೈದುನ.

೩

ನಿನ್ನೆಯ ತಪ್ಪು: ಅವನನ್ನು ಬರೀ ಕುಹಕಿ ಮಾಡಿಬಿಟ್ಟೆ. ("ನನ್ನ ಮೀಸೆ ಬಗ್ಗೆ ಒಂದು ಮಾತಿಲ್ವಲ್ಲ ಭಾವ" ಎಂದು ಪಕ್ಕದಲ್ಲೇ ಕೂತು ಕಾಡುತ್ತಿದ್ದಾನೆ. ಮೀಸೆ ಚೆನ್ನಾಗಿತ್ತು. ಸಾಕೇನಪ್ಪ?) ಮಗಳನ್ನು ಅದೇ ದೇಶಕ್ಕೆ ನರ್ಸಿಂಗ್ ಕಲಿಯಲು ಕಳಿಸುತ್ತೇನೆಂದು ಒಪ್ಪಿದವನೂ ಅವನೇ. ಹಲಗೆಯನ್ನು ನಂಬಿ ಒಪ್ಪಿದ.

ಅವಳ ಟ್ರಂಕು ಗಾಡಿ ಏರಿದ ಬೆಳಿಗ್ಗೆ ರೇಡಿಯೊ ಹೇಳಿತು: ಅವಳು ಹೋಗಬೇಕಿದ್ದ ಊರಿನಲ್ಲಿ ಗಲಭೆ, ಗೋಲಿಬಾರು. ಅವನು ಕೈಯಲ್ಲಿದ್ದ ಬಾಚಣಿಗೆಯನ್ನೂ ಇಡದೆ ಓಡಿ ಬಂದ. ಹಲಗೆಯಲ್ಲಿ 'ಎಲ್ಲೆಡೆ ಶಾಂತಿ ಇದೆ' ಎಂದಿತ್ತು. ಹಾಗೆ ಬರೆಯಬೇಕು, ತಪ್ಪಿನ ಸಾಲು ಇನ್ನು ಕೂಡದು ಎಂದು ಅವರ ರಾಜಧಾನಿಯಿಂದ ಆಜ್ಞೆ ಬಂದಿತ್ತು. ಮೇಲಿನ ಜಾಗ ಖಾಲಿ. 'ತಪ್ಪಿಲ್ಲ' ಎಂದೂ ಇಲ್ಲ.

"ಇದು ನಿಜಾನಾ ತಾಯಿ? ನನಗಿರೋಳು ಅವಳೊಬ್ಬಳೇ."

ಮೇಡಂ ನನ್ನ ಹೆಗಲ ಮೇಲಿದ್ದ ಬಟ್ಟೆ ಎಳೆದುಕೊಂಡು ಹಲಗೆಯನ್ನು ಪೂರ್ತಿ ಒರೆಸಿದರು. ಒಂದು ಮಾತೂ ಆಡಲಿಲ್ಲ. ಟ್ರಂಕು ಕೆಳಗಿಳಿಯಿತು.

೪

ನಿನ್ನೆಯ ತಪ್ಪು: ಒಂದು ಮಾತು ಆಡಿದರು. "ಸೀಮೆಸುಣ್ಣ ಮುಗಿದಿದೆ" ಎಂದರು. ಡಬ್ಬಿಯ ತುಂಬ ಇತ್ತು. ಅವರ ಬಾಯಲ್ಲಿ ನಾನು ಕೇಳಿದ ಸುಳ್ಳು ಅದೊಂದೇ.

ಬೇರೆ ಮುಕ್ತಾಯಗಳನ್ನೂ ಬರೆದು ನೋಡಿದೆ. ಒಂದರಲ್ಲಿ ಹುಡುಗಿ ಹೋದಳು, ಗಲಭೆ ತಣ್ಣಗಾಯಿತು, ಬಿಳಿ ಉಡುಪಿನ ಫೋಟೊ ಬಂತು. ತೀರಾ ಸಿಹಿ, ಹರಿದೆ. ಇನ್ನೊಂದರಲ್ಲಿ ಫೋಟೊ ಬರಲಿಲ್ಲ. ಅದನ್ನು ಎರಡನೇ ಸಲ ಓದಲಾಗದೆ ಒಲೆಗೆ ಹಾಕಿದೆ.

"ನೀವೆಲ್ಲಾ ಹಲಗೆ ನೋಡಿದ್ರಿ. ನನ್ನ ಮುಖ ಯಾರು ನೋಡಿದ್ರಿ ಮಾವ?" ಎನ್ನುತ್ತಾಳೆ ಆ ಹುಡುಗಿ. ಈಗ ಅವಳಿಗೂ ಕನ್ನಡಕ ಬಂದಿದೆ. "ಬಿಟ್ಟಿದ್ರೆ ನಾನು ಹೋಗ್ತಿದ್ದೆ. ಗುಂಡು ಬಿದ್ದ ಕಡೆ ತಾನೇ ನರ್ಸು ಬೇಕಾಗೋದು?"

ನಾನು ಕನ್ನಡಕ ಒರೆಸುತ್ತ ಬೇರೆ ಕಡೆ ನೋಡಿದೆ. ಕಥೆಯನ್ನು ಕೇಳಿದೆ, ಅದೂ ಬೇರೆ ಕಡೆ ನೋಡಿತು.

೫

ವಾಚನಾಲಯದ ಜಾಗದಲ್ಲೀಗ ಮೊಬೈಲ್ ಅಂಗಡಿ. ಹಲಗೆಯ ಮೊಳೆಗಳು ಮಾತ್ರ ಗೋಡೆಯಲ್ಲಿವೆ. ದಾಟುವಾಗ ಈಗಲೂ ಕತ್ತೆತ್ತಿ ಮೇಲಿನ ಸಾಲು ಹುಡುಕುತ್ತೇನೆ.

ಈ ಭಾಗದ ಮೊದಲಲ್ಲಿ ತಪ್ಪಿನ ಸಾಲು ಬರೆದಿಲ್ಲ, ಗಮನಿಸಿದಿರಾ? ಟ್ರಂಕು ಇಳಿದದ್ದು ತಪ್ಪೋ ಸರಿಯೋ ನನಗೆ ಇನ್ನೂ ಗೊತ್ತಿಲ್ಲ. ಆ ಜಾಗ ಖಾಲಿ ಇರಲಿ.

ಆಜ್ಞೆ ಮೀರಿದ್ದಕ್ಕೆ ಮೇಡಂ ಅವರನ್ನು ವಾಪಸು ಕರೆಸಿಕೊಂಡರು. ಹಲಗೆ ಒರೆಸಿದ ಆ ಬಟ್ಟೆಯನ್ನು ಅವರು ಒಗೆದು, ಮಡಚಿ, ನನ್ನ ಕೈಗಿಟ್ಟು ಹೊರಟರು.